ಬೋರಲು ಕಲ್ಲು

ಶಿವರಾತ್ರಿಗೆ ಇನ್ನೂ ಹನ್ನೆರಡು ದಿನ ಇರುವಾಗ ಕೃಷ್ಣವ್ವ ಜಳಕಕ್ಕೆ ಕುಂತಲ್ಲಿಂದ ಬಿದ್ದಳು. ಹೊಸ ಪ್ಲಾಸ್ಟಿಕ್ ಸ್ಟೂಲಿನ ಒಂದು ಕಾಲು ಬಚ್ಚಲ ಕುಣಿಯ ಕೆಸರಿಗೆ ಇಳಿದಿತ್ತು. ಎಲುಬೇನೂ ಮುರಿಯಲಿಲ್ಲ. ಮಗ ಬಾಳು ಹೊಲಿಗೆ ಮಶೀನು ಬಿಟ್ಟು ಓಡಿಬಂದಾಗ, ಎಪ್ಪತ್ತೆಂಟರ ಮುದುಕಿ ಒದ್ದೆ ಸೀರೆ ಸುತ್ತಿಕೊಂಡು ಕೆಸರಲ್ಲೇ ಕುಂತು ತನ್ನ ಮೊಣಕೈಯನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಹೋಗುವ ಚಳಿ ಕಚ್ಚಿಯೇ ಹೋಗುತ್ತದಲ್ಲ, ಹಾಗಿತ್ತು ಆ ಮುಂಜಾನೆ.

"ಏಳಬೇ ಯವ್ವಾ, ಕೈ ಕೊಡು."

"ನಿನ್ನ ಕೈ ಬ್ಯಾಡ," ಅಂದಳು ಕೃಷ್ಣವ್ವ. "ದುರ್ಗಾನ್ನ ಕರಿ."

ಸಾಲೆಯ ಬಿಸಿಯೂಟದ ಅಡಿಗೆಗೆ ಹೊರಟು ನಿಂತಿದ್ದ ಸೊಸೆ ದುರ್ಗಾ ಚಪ್ಪಲಿ ಕಳಚಿ ಬಂದು ಅತ್ತೆಯನ್ನು ಎತ್ತಿದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. "ಆ ಕುಣಿ ಇವತ್ತರ ಮುಚ್ಚರಿ," ಅಂದಳು. "ಬರಿಯೋದೇನ ಓಡಿ ಹೋಗೂದಿಲ್ಲ."

ಒಂದು ತಿಂಗಳ ಹಿಂದೆ ಆ ಕುಣಿಯ ಜಾಗದಲ್ಲಿ ಒಂದು ಕಲ್ಲಿತ್ತು. ಮೂರು ಮೊಳ ಉದ್ದದ ಕರಿಕಲ್ಲು, ಎಷ್ಟೋ ತಲೆಮಾರಿನ ಹಿಮ್ಮಡಿ ತಿಕ್ಕಿ ತಿಕ್ಕಿ ಎಮ್ಮೆಯ ಬೆನ್ನಿನ ಹಾಗೆ ನುಣುಪಾಗಿತ್ತು. ಕೇರಿಯಲ್ಲಿ ಹುಟ್ಟಿದ ಕೂಸಿಗೆ ಮೊದಲ ನೀರು ಅದರ ಮೇಲೆ, ಸತ್ತವರಿಗೆ ಕಡೆಯ ನೀರೂ ಅದರ ಮೇಲೆ. ಸೂಲಗಿತ್ತಿ ಬಾಯವ್ವ ಬಾಳುವನ್ನು ತನ್ನ ಕಾಲ ಮೇಲೆ ಅಡ್ಡ ಹಾಕಿಕೊಂಡು ಎರೆದದ್ದು ಅಲ್ಲಿ. ಅವನ ಅಪ್ಪನ ಹೆಣವನ್ನು ಕುಂದರಿಸಿ ಎರೆದದ್ದೂ ಅಲ್ಲೇ. ಕೃಷ್ಣವ್ವ ತನ್ನ ಪಾಳಿಯನ್ನೂ ಹೇಳಿ ಇಟ್ಟಿದ್ದಳು. "ನನ್ನ ಕಡೀ ನೀರು ಇದರ ಮ್ಯಾಲೇ ಆಗಬೇಕ ನೋಡಪಾ. ಒಯ್ಯೋ ಅವಸರದಾಗ ಯಾವದರ ಹಲಗಿ ಮ್ಯಾಲೆ ಮುಗಿಸಿಗಿಗಿಸೀರಿ." ಮುದುಕಿ ಕೇಳಿದ್ದು ಅಷ್ಟೇ. ಹೊಲ ಕೇಳಲಿಲ್ಲ, ಬಂಗಾರ ಕೇಳಲಿಲ್ಲ.

ಆ ಕಲ್ಲನ್ನು ಕಳೆದವನು ಬಾಳು. ಕದ್ದವರು ಬೇರೆ, ಆದರೆ ಬಾಗಿಲು ತೆಗೆದು ಕೊಟ್ಟವನು ಅವನೇ.

ಬಾಳು ಹೊಟ್ಟೆಪಾಡಿಗೆ ಸಾಲೆಯ ಹುಡುಗರ ಯುನಿಫಾರ್ಮ್ ಹೊಲಿಯುತ್ತಿದ್ದ. ಜೀವದ ಪಾಡಿಗೆ ಬರೆಯುತ್ತಿದ್ದ. ಮಶೀನಿನ ಹಲಗೆಯೇ ಅವನ ಬರೆಯುವ ಮೇಜು. ಸವದತ್ತಿಯಲ್ಲಿ ಗೌತಮನ ಝೆರಾಕ್ಸ್ ಅಂಗಡಿಯ ಹಿಂದಿನ ಖೋಲಿಯಲ್ಲಿ ಪ್ರತಿ ರವಿವಾರ ಸೇರುವ ಓದಿನ ಬಳಗದಲ್ಲಿ ಮೂವತ್ತು ವರ್ಷ ಕುಂತು ಎದ್ದವನು. ಓದು, ಕೇಳು, ಬಯಲಿಗೆ ಎಳಿ: ಬಳಗ ಕಲಿಸಿದ್ದು ಇಷ್ಟು. ಹೊಟೆಲಿನಲ್ಲಿ ಬೇರೆ ಇಟ್ಟ ಕಪ್ಪು, ಕೇರಿಗೆ ಬಾರದ ನಳ, ಗುಡಿಯ ಪಾವಟಿಗೆಯ ಕೆಳಗೇ ನಿಲ್ಲಿಸುವ ಪೂಜಾರಿ, ಎಲ್ಲವನ್ನೂ ಬಯಲಿಗೆಳೆದಿದ್ದ. ಅವನ ಬರಹಕ್ಕೆ ಹಲ್ಲಿತ್ತು, ಊರು ಅದನ್ನು ಬಲ್ಲದು.

ಬರಹದ ಜೊತೆಗೆ ಒಂದು ಹುಚ್ಚು ಹತ್ತಿತ್ತು. ಬಳಗದವರೆಲ್ಲ ಒಂದು ರವಿವಾರ ಹೂಲಿಯ ಹಳೇ ಗುಡಿಗಳನ್ನು ನೋಡಲು ಹೋದಾಗ, ಬಾಳು ಅಳತೆ ಕತ್ತರಿಸುವ ಖಾಕಿ ಕಾಗದವನ್ನು ಅಲ್ಲಿನ ಕಲ್ಲಿಗೆ ಹಚ್ಚಿ, ಅರಿವೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸನ್ನು ಅಡ್ಡ ಹಿಡಿದು ಉಜ್ಜಿದ್ದ. ಕಣ್ಣಿಗೆ ಕಾಣದ ಅಕ್ಷರ ಕಾಗದದ ಮೇಲೆ ಒಂದೊಂದಾಗಿ ಎದ್ದು ಬಂದವು. ಅಂದಿನಿಂದ ಹಳೆಯ ಲಿಪಿ ಓದುವುದನ್ನು ಕಲಿತ, ಬಿಡುವು ಸಿಕ್ಕರೆ ಕಲ್ಲು ಹುಡುಕುವುದೇ ಕೆಲಸ. ಅಟ್ಟದ ಮೇಲೆ ಕಾಗದದ ಸುರುಳಿಗಳು ಕಟ್ಟಿಗೆಯ ಹಾಗೆ ಒಟ್ಟಿದ್ದವು.

ಸಂಕ್ರಾಂತಿಯ ಮುಂದೆ ಬಚ್ಚಲ ಮೋರಿ ಕಟ್ಟಿಕೊಂಡಿತು. ಕಲ್ಲಿನ ಅಡಿಗೆ ಕೈ ಹಾಕಿ ಹೊಲಸು ತೆಗೆಯುತ್ತಿದ್ದ ಬಾಳುವಿನ ಬೆರಳು ಒಮ್ಮೆಲೇ ನಿಂತವು. ನೀರು ಕೊರೆದ ಗೆರೆ ಬೇರೆ, ಉಳಿ ಕೊರೆದ ಗೆರೆ ಬೇರೆ. ಅದು ಬೆರಳಿಗೆ ಗೊತ್ತಾಗುತ್ತದೆ.

"ಯವ್ವಾ, ಇದರ ಕೆಳಗ ಅಕ್ಷರ ಅದಾವು."

"ಅದಾವು. ನಮ್ಮತ್ತಿ ಹೇಳಿದ್ಲು," ಅಂದಳು ಕೃಷ್ಣವ್ವ, ಬಿಸಿಲಿಗೆ ಬೆನ್ನು ಕೊಟ್ಟು ಕುಂತಲ್ಲಿಂದಲೇ. "ಹೊಳ್ಳಸಬ್ಯಾಡ. ಹಿರೇರು ಬುದ್ಧಿ ಇಲ್ದ ಬೋರಲ ಹಾಕಿದ್ದಿಲ್ಲ."

"ಅವರಿಗೆ ಓದಾಕ ಬರತಿದ್ದಿಲ್ಲಬೇ. ಅದಕ್ಕ ಬೋರಲ ಹಾಕ್ಯಾರ."

"ಅಕ್ಷರ ಓದಾಕ ಬರತಿದ್ದಿಲ್ಲ ಖರೆ. ಮಂದೀನ್ನ ಓದತಿದ್ರು."

ಬಾಳು ನಕ್ಕ. ಮಗ್ಗುಲ ಮನೆಯ ಕಲ್ಮೇಶನನ್ನು ಕರೆದು, ಹಾರೆ ಹಾಕಿ, ಕಲ್ಲನ್ನು ಹೊರಳಿಸಿದ. ಬಿಲ್ಲು ಹಿಡಿದ ಒಬ್ಬ ಗಂಡಸು, ಅವನ ಹಿಂದೆ ಓಡುವ ದನ, ಮೇಲೆ ಅವನನ್ನು ಎರಡೂ ಕಡೆ ಹಿಡಿದು ಸ್ವರ್ಗಕ್ಕೆ ಒಯ್ಯುವ ಹೆಣ್ಣುಗಳು. ಕೆಳಗೆ ಎರಡು ಸಾಲು ಬರಹ. ತುಱುವಂ ಮಗುಳ್ಚಿ ಸತ್ತಂ. ಕಳ್ಳರು ಹೊಡೆದುಕೊಂಡು ಹೋದ ಊರ ದನಗಳನ್ನು ತಿರುಗಿಸಿ ತಂದು ಸತ್ತ ಅಂತ. ಸತ್ತವನು ಯಾರು? ಹೆಸರು ಬರಬೇಕಾದಲ್ಲಿ ಕಲ್ಲು ಮುರಿದಿತ್ತು.

ಅವನು ಆ ರಾತ್ರಿಯೇ ಬರೆದ. ಜಿಲ್ಲೆಯ ಒಂದು ಪತ್ರಿಕೆ ಫೋಟೋ ಸಮೇತ ಹಾಕಿತು. ಮೂವತ್ತು ವರ್ಷ ಬೈದು ಬರೆದವನು ಅದೇನು ಮಾಯೆಯೋ, ಆ ಒಂದು ಸಲ ತಬ್ಬಿಕೊಂಡು ಬರೆದಿದ್ದ. ಕಡೆಯ ಸಾಲು ಹೀಗಿತ್ತು: 'ನಮ್ಮ ಕೇರಿಯ ಬಚ್ಚಲಲ್ಲಿ ಮಲಗಿದ್ದ ಈ ವೀರ ಇಡೀ ಊರಿನ ಹೆಮ್ಮೆ.'

ನಾಲ್ಕನೆಯ ದಿನ ಊರು ಬಂತು.

ಗುಡಿಯ ಕಮೀಟಿಯ ಹಿರಿಯ ಬಸಲಿಂಗಪ್ಪಗೌಡ ಮುಂದೆ, ಟ್ರ್ಯಾಕ್ಟರು ಹಿಂದೆ, ನಡುವೆ ಭಜನೆಯವರು. ಮನೆಯೊಳಗೆ ಕಾಲಿಡಲಿಲ್ಲ. ಹಿತ್ತಲ ಬೇಲಿ ಕಿತ್ತು ಬಂದರು. ಐದು ಕೊಡ ಹಾಲು ಸುರಿದು ಕಲ್ಲನ್ನು ತೊಳೆದರು. ಕೇರಿಯ ಮೈ ಮುಟ್ಟಿದ್ದೆಲ್ಲ ಹೋಗಬೇಕಲ್ಲ.

"ಏನಪಾ ಬಾಳೂ," ಅಂದ ಬಸಲಿಂಗಪ್ಪ, "ನಮ್ಮ ಹಿರೇರ ಬೆನ್ನ ಮ್ಯಾಲೆ ಕುಂತು ಇಷ್ಟ ದಿನ ಮೈ ತಿಕ್ಕೊಂಡ್ರೆಲ್ಲೋ. ಇರಲಿ, ಗೊತ್ತಿಲ್ದ ಆಗೇತಿ. ಯಾರೂ ಏನೂ ಅನ್ನೂದಿಲ್ಲ."

"ನಿಮ್ಮ ಹಿರೇರಂತ ಎಲ್ಲಿ ಬರದೈತ್ರಿ ಗೌಡ್ರ? ಹೆಸರಿದ್ದ ಕಡೆ ಮುರದೈತಿ."

"ನಿಮ್ಮವರಂತರ ಎಲ್ಲಿ ಬರದೈತಿ? ಬಿಲ್ಲ ಹಿಡದಾನ ನೋಡು. ನಿಮ್ಮ ಮಂದಿ ಯಾವಾಗಪಾ ಬಿಲ್ಲ ಹಿಡದಿದ್ರು?" ಬಂದವರೆಲ್ಲ ನಕ್ಕರು. ಬಸಲಿಂಗಪ್ಪ ಬಾಳುವಿನ ಹೆಗಲ ಮೇಲೆ ಕೈ ಇಟ್ಟ, ಹುಟ್ಟಿದಾಗಿನಿಂದ ಮೊದಲ ಸಲ. "ನೀನ ಬರದಿಯಲ್ಲೋ, ಊರಿನ ಹೆಮ್ಮಿ ಅಂತ. ಊರಾಗ ಇಡತೇವಿ."

ಕೊರಳಿಗೆ ಹಾರ ಬಿತ್ತು. ಯಾರೋ ಮೊಬೈಲ್ ಎತ್ತಿದರು. ಬಾಳು ಫೋಟೋಕ್ಕೆ ಹಲ್ಲು ಬಿಟ್ಟ. ಟ್ರ್ಯಾಕ್ಟರು ಹೋದ ಮೇಲೆ ಕೃಷ್ಣವ್ವ ಆ ಹಾರವನ್ನು ಅವನ ಕೊರಳಿಂದ ತೆಗೆದು ಆಡಿನ ಮುಂದೆ ಒಗೆದಳು. ಆಮೇಲೆ ಅವನ ಕೂಡ ಅವಳು ಆಡಿದ ಮಾತುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು.

ಈಗ ಕಲ್ಲು ಗುಡಿಯೊಳಗೆ ಕಬ್ಬಿಣದ ಜಾಳಿಗೆಯ ಹಿಂದೆ ಇದೆ. ಬಿಲ್ಲಿಗೆ ಬಂಗಾರದ ಬಣ್ಣ, ಮೀಸೆಗೆ ಕರಿ ಬಣ್ಣ ಬಳಿದಿದ್ದಾರೆ. ಅಕ್ಷರದ ತಗ್ಗಿನಲ್ಲಿ ಎಣ್ಣೆ, ಕುಂಕುಮ ಮೆತ್ತಿಕೊಂಡಿದೆ. ಮಗ್ಗುಲಿಗೆ ಹಾಲುಗಲ್ಲಿನ ಹೊಸ ಫಲಕ: ಗೌಡರ ಮನೆತನದ ಮೂಲಪುರುಷ. ಕೇರಿಯವರು ಪಾವಟಿಗೆಯ ಕೆಳಗೆ ನಿಂತು ನೋಡಬಹುದು. ಬಾಳು ಮೂರು ಅರ್ಜಿ ಕೊಟ್ಟ. ಗೌತಮ ಕರಪತ್ರ ಅಚ್ಚು ಹಾಕಿದ. ಒಂದು ಕಚೇರಿಯಲ್ಲಿ ಗುಮಾಸ್ತನೊಬ್ಬ ಅದೇ ಪತ್ರಿಕೆಯ ಕತ್ತರಿಕೆಯನ್ನು ತೆಗೆದು ಅವನದೇ ಕಡೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. "ಊರಿಂದು ಅಂತ ನೀವ ಕೊಟ್ಟೀರಿ. ಈಗ ಕೇರೀದು ಅಂತೀರಿ. ಒಂದ ಮಾತಿನ ಮ್ಯಾಲೆ ನಿಲ್ರಿ ಮೊದಲ." ಫೋಟೋ ಇದ್ದವು, ಖಾಕಿ ಕಾಗದದ ಅಚ್ಚು ಇದ್ದವು, ಸಾಕ್ಷಿ ಹೇಳಲು ಇಡೀ ಕೇರಿ ಇತ್ತು. ಕೇಳುವ ಕಿವಿ ಇರಲಿಲ್ಲ.

ಇತ್ತ ಕುಣಿಯಲ್ಲಿ ನೀರು ನಿಂತು ಕೊಳೆಯಿತು. ಕಲ್ಮೇಶನ ಮೊಮ್ಮಗಳಿಗೆ ಮೊದಲ ನೀರನ್ನು ಬಣ್ಣದ ಡಬ್ಬಿಯ ಮುಚ್ಚಳದ ಮೇಲೆ ಎರೆದರು. ಅಂದು ಕೃಷ್ಣವ್ವ ಉಣ್ಣಲಿಲ್ಲ.

ಅವ್ವ ಬಿದ್ದ ಆ ಮುಂಜಾನೆ, ದುರ್ಗಾ ಸಾಲೆಗೆ ಹೋದ ಮೇಲೆ ಬಾಳು ಅಂಗಿಯ ತೋಳು ಮಡಚಿ ಕುಣಿಗಿಳಿದ. ಅರ್ಧ ಚೀಲ ಸಿಮೆಂಟು, ಎರಡು ಬುಟ್ಟಿ ಉಸುಕು ತಂದಿಟ್ಟಿದ್ದ. ಕೆಸರು ತೆಗೆದು ಗಟ್ಟಿ ನೆಲ ಸಿಗುವ ತನಕ ಅಗೆದು, ಮೇಲೆ ಕಾಂಕ್ರೀಟು ಸುರಿಯುವುದೆಂದು ಅವನ ಲೆಕ್ಕ. ಮೊಳದಷ್ಟು ಇಳಿದಿರಬೇಕು, ಹಾರೆ ಖಣ್ಣೆಂದಿತು.

ಕಲ್ಲು. ಕರಿಕಲ್ಲು. ಮೊದಲಿನ ಕಲ್ಲಿಗೆ ಬುನಾದಿಯಾಗಿ ಇಟ್ಟಿದ್ದ ತುಂಡು, ಒಂದೂವರೆ ಮೊಳದ್ದು. ಅದೂ ಬೋರಲು.

ಹಂಡೆಯಲ್ಲಿ ಅವ್ವನ ಜಳಕಕ್ಕೆ ಕಾಯಿಸಿದ ನೀರು ಇನ್ನೂ ಬೆಚ್ಚಗಿತ್ತು. ಅದನ್ನೇ ತಂದು ಸುರಿದು, ಉಸಿರು ಕಟ್ಟಿ, ಒಬ್ಬನೇ ಕಲ್ಲನ್ನು ಹೊರಳಿಸಿದ. ಚಳಿಗೆ ಒಡೆದ ಬೆರಳು ಒಂದೊಂದೇ ಅಕ್ಷರದ ಮೇಲೆ ಹಾಯ್ದವು. ಬೆವರು ಹಣೆಯಿಂದ ಕಲ್ಲಿಗೆ ಇಳಿಯಿತು. ಹೊಲೆಯ ಮಾಚನ ಮಗಂ ಬೊಮ್ಮಂ. ತಾಯಿ ಕಾಳವ್ವೆ ನಿಱಿಸಿದಳೀ ಕಲ್ಲಂ.

ಬಾಳುವಿನ ಕೈ ತಾನಾಗಿಯೇ ಅಂಗಿಯ ಕಿಸೆಗೆ ಹೋಗಿ ನೀಲಿ ಚಾಕ್‌ಪೀಸನ್ನು ಹಿಡಿಯಿತು. ಎಷ್ಟು ನೂರು ವರ್ಷವೋ, ಅವನ ಜಾತಿಯ ಹೆಸರು ಬೈಗುಳವಾಗದೆ ಕಲ್ಲಿನ ಮೇಲೆ ನೆಟ್ಟಗೆ ನಿಂತಿತ್ತು. ಬಿಲ್ಲು ಹಿಡಿದವನು ಬೊಮ್ಮ. ಊರ ದನ ಉಳಿಸಿ ಸತ್ತವನು ಬೊಮ್ಮ.

ಕೈ ಕಿಸೆಯಲ್ಲೇ ಉಳಿಯಿತು. ಹೆಸರಿಲ್ಲದ ಅರ್ಧಕ್ಕೆ ಹಾರ ಬಂದಿತ್ತು. ಹೆಸರಿದ್ದ ಅರ್ಧಕ್ಕೆ ಸುತ್ತಿಗೆ ಬರುತ್ತದೆ. ಅದನ್ನು ತಿಳಿಯಲು ಯಾವ ಪುಸ್ತಕವೂ ಬೇಕಾಗಿರಲಿಲ್ಲ. ಟ್ರ್ಯಾಕ್ಟರು ಬರುವುದೂ ಬೇಡ, ಒಂದು ಅಮಾಸಿ ಕತ್ತಲೆ ಸಾಕು.

"ಸಿಕ್ಕಿತೇನು?"

ಕೃಷ್ಣವ್ವ ಗೋಡೆ ಹಿಡಿದು ಬಂದು ನಿಂತಿದ್ದಳು.

"ನಿನಗ ಗೊತ್ತಿತ್ತಾ?"

"ಎರಡ ತುಂಡು ಅಂತ ಅತ್ತಿ ಹೇಳಿದ್ಲು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನಿನಗ ಹೇಳಿದ್ದರ ಪೇಪರಿನಾಗ ಬರತಿತ್ತು," ಅಂದಳು ಮುದುಕಿ. ಆಮೇಲೆ ದನಿ ಇಳಿಸಿ, "ಏನ ಬರದೈತಿ?"

ಅವನು ಓದಿದ. ಹಳೆಯ ಮಾತನ್ನು ಈಗಿನ ಮಾತಿಗೆ ತಂದು ಹೇಳಿದ. ಕೃಷ್ಣವ್ವ ಬಗ್ಗಿ ಕಲ್ಲನ್ನೇ ನೋಡಿದಳು.

"ಅವನವ್ವ ನಿಲ್ಲಿಸ್ಯಾಳೇನು ಇದನ್ನ?"

"ಹೂಂ. ಕಾಳವ್ವ ಅಂತ."

"ಮಗ ಸತ್ತ ಮ್ಯಾಲೆ," ಅಂದಳು. "ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದ. ಮೂರನೆಯ ಸಲ ಅವಳೂ ತುಟಿ ಆಡಿಸಿದಳು.

"ಸಾಕು. ಹೊಳ್ಳಸಿ ಹಾಕು."

"ಇದು ಸಣ್ಣದು ಯವ್ವಾ. ನಿನ್ನ ಕಡೀ ನೀರಿಗೆ..."

"ಕುಂದ್ರಾಕ ಸಾಲತೈತಿ. ಸತ್ತವರನ್ನ ನಾವ ಕುಂದರಿಸೇ ಎರೀತೇವಿ. ಹಾಕು."

ಬಾಳು ಸಿಮೆಂಟು ಕಲಸಿದ. ಬೊಮ್ಮನ ಹೆಸರನ್ನು ಕೆಳಗೆ ಮಾಡಿ, ಅಕ್ಷರದ ಮುಖವನ್ನು ಒದ್ದೆ ಉಸುಕಿನ ಮೇಲೆ ಮಲಗಿಸಿ, ಸುತ್ತಲೂ ಗಿಲಾವು ಮೆತ್ತಿದ. ಕರಣೆ ಹಿಡಿದ ಕೈ ಹೊಲಿಗೆಯವನ ಕೈ. ಒಂದು ಎಳೆ ಬಿರುಕೂ ಉಳಿಯಲಿಲ್ಲ. ಮುಗಿಯುತ್ತ ಬಂದಾಗ ಮೊಬೈಲು ರಿಂಗಾಯಿತು. ಗೌತಮ.

"ಏನ ಮಾಡಾಕ ಹತ್ತೀಯೋ ಮಾರಾಯಾ?"

"ಬಚ್ಚಲಾ ಕಟ್ಟಾಕ ಹತ್ತೇನಿ."

"ತಡಿ ತಡಿ, ಮುಚ್ಚಬ್ಯಾಡ. ಶಾಸನಾ ಓದೋರೊಬ್ಬರಿಗೆ ನಿನ್ನ ಅಚ್ಚು ತೋರಿಸಿದ್ದೆ. ಇನ್ನೊಂದ ತುಂಡು ಅಲ್ಲೇ ಇರಬೇಕು ಅಂದ್ರು. ಹೆಸರಿನ ಸಾಲು ಸಿಕ್ಕರ ಗೌಡನ ಫಲಕಾ ಕೀಳಸಬಹುದು. ನೀ ಬರಿ, ನಾ ಅಚ್ಚ ಹಾಕತೇನಿ. ಆಳಕ್ಕ ಅಗದ ನೋಡಿಯೇನು?"

ಬಾಳು ಹಸಿ ಸಿಮೆಂಟಿನ ಮೇಲಿನ ತನ್ನ ಬೆರಳ ಗುರುತನ್ನು ನೋಡಿದ. ಕರಣೆಯಿಂದ ಅದನ್ನೂ ಸವರಿದ.

"ನೋಡ್ದೆ," ಅಂದ. "ಬರೇ ಕೆಸರೈತಿ."

"ಹೋಗಲಿ ಬಿಡು," ಅಂದ ಗೌತಮ. "ರವಿವಾರ ಬಾ. ಹೊಸಾದೇನರ ಬರಕೊಂಡ ಬಾ."

ಎರಡು ದಿನ ಗಿಲಾವಿಗೆ ನೀರು ಉಣಿಸಿದರು. ಮೂರನೆಯ ಮುಂಜಾನೆ ಕೃಷ್ಣವ್ವ ಜಳಕಕ್ಕೆ ಕುಂತಳು. ದುರ್ಗಾ ಎರೆಯುತ್ತಿದ್ದಳು. ಬಾಳು ಪಡಸಾಲೆಯಲ್ಲಿ ಮಶೀನಿನ ಮುಂದೆ ಕುಂತಿದ್ದ. ಹಲಗೆಯ ಮೇಲೆ ಹಾಳೆ ಇತ್ತು, ಪೆನ್ನಿನ ಟೊಪ್ಪಿಗೆ ತೆಗೆದಿತ್ತು. ಎರಡು ತಾಸಿನಿಂದ ಒಂದು ಸಾಲೂ ಇಳಿದಿರಲಿಲ್ಲ. ಇನ್ನು ಇಳಿಯುತ್ತದೆಂಬ ಆಸೆಯೂ ಇರಲಿಲ್ಲ. ಇದೊಂದನ್ನು ನುಂಗಿದವನು ಮತ್ತೇನನ್ನು ಕಾರಿಯಾನು?

ಬಚ್ಚಲಿಂದ ನೀರಿನ ಸಪ್ಪಳದ ಜೊತೆ ಅವ್ವನ ದನಿ ಬಂತು. ಹಾಡೂ ಅಲ್ಲ, ಮಾತೂ ಅಲ್ಲ. ಮಾಚನ ಮಗ ಬೊಮ್ಮ. ತಾಯಿ ಕಾಳವ್ವ. ಮಾಚನ ಮಗ ಬೊಮ್ಮ. ಮೈಮೇಲೆ ಬಿಸಿನೀರು ಬಿದ್ದಷ್ಟೂ ದನಿ ಏರುತ್ತಿತ್ತು.

ಕಿತ್ತು ಹೋದ ಬೇಲಿಯ ಆಚೆ ದಾರಿಯಲ್ಲಿ ಗೌಡರ ಆಳುಗಳು ಹೊಲಕ್ಕೆ ಹೊರಟಿದ್ದರು.

ಬಾಳು ಹಾಳೆಯನ್ನು ಸರಿಸಿ, ಮಶೀನಿನ ಗಾಲಿಗೆ ಕೈ ಕೊಟ್ಟು, ಸೂಜಿಯ ಕೆಳಗೆ ಅರಿವೆ ಇಲ್ಲದೆಯೇ ತುಳಿಯತೊಡಗಿದ. ಅವ್ವನ ದನಿ ಬೇಲಿಯ ಆಚೆಗೆ ಕೇಳದಂತೆ ಮುಳುಗುವ ತನಕ, ಜೋರಾಗಿ, ಇನ್ನೂ ಜೋರಾಗಿ.