ಕಂಫರ್ಟ್ ಅಂದರೆ ಏನು

ಇಂಗ್ಲಿಷ್ ಪತ್ರಿಕೆಯ ಕಚೇರಿಯಲ್ಲಿ ವರದಿ ತಿದ್ದುವ ಉಪಸಂಪಾದಕನಾಗಿದ್ದ ಅವನನ್ನು ಎಲ್ಲರೂ ‘ಕತ್ತರಿ’ ಎನ್ನುತ್ತಿದ್ದರು. ವರದಿಗಾರರು ‘ಪಾಸ್ಡ್ ಅವೇ’ ಎಂದು ಬರೆದರೆ ಹೊಡೆದುಹಾಕಿ ‘ಡೈಡ್’ ಮಾಡುತ್ತಿದ್ದ. ‘ಕಮೆನ್ಸ್’ ಕಂಡರೆ ‘ಬಿಗಿನ್’. “ಓದೋರು ನಿಮ್ಮ ಪದ ನೋಡೋಕೆ ಬರಲ್ಲ, ವಿಷಯ ತಿಳ್ಕೊಳೋಕೆ ಬರ್ತಾರೆ” ಎಂದು ಹೊಸಬರ ತಲೆ ತಿನ್ನುತ್ತಿದ್ದ.

ಭಾವ ಆಸ್ಪತ್ರೆ ಸೇರಿದಾಗ ಡಾಕ್ಟರ ಜೊತೆ ಮಾತಾಡಲು ಅಕ್ಕ ಅವನನ್ನೇ ಕರೆದೊಯ್ದಳು. ಡಾಕ್ಟರು ಇನ್ನೂ ಚಿಕ್ಕವರು. ಸ್ಕ್ಯಾನ್ ಚಿತ್ರಗಳನ್ನು ಸುಮ್ಮನೆ ಜೋಡಿಸುತ್ತ, ಕಣ್ಣೆತ್ತದೆ, ಇಂಗ್ಲಿಷಿನಲ್ಲಿ ಹೇಳಿದರು: ಚಿಕಿತ್ಸೆಗೆ ರೋಗ ‘ರೆಸ್ಪಾಂಡ್’ ಆಗುತ್ತಿಲ್ಲ, ಇನ್ನು ರೋಗಿಯ ‘ಕಂಫರ್ಟ್’ ಕಡೆ ಗಮನ ಕೊಡುತ್ತೇವೆ.

ಹೊರಗೆ ಕಾರಿಡಾರಿಗೆ ಬಂದಾಗ ಅಕ್ಕನ ಮುಖ ಗೆಲುವಾಗಿತ್ತು.

“ಕಂಫರ್ಟ್ ಅಂದ್ರಲ್ಲ, ಆರಾಮಾಗ್ತಾರೆ ಅಂತ ತಾನೇ?”

“ಹಾಗಲ್ಲ... ಚಿಕಿತ್ಸೆಯ ದಿಕ್ಕು ಬದಲಾಯಿಸ್ತಾರಂತೆ ಅಕ್ಕ. ನೋವಿನ ನಿರ್ವಹಣೆಗೆ ಆದ್ಯತೆ ಕೊಡ್ತಾರಂತೆ.”

ತನ್ನ ಮಾತು ಕೇಳಿ ಅವನಿಗೇ ನಾಚಿಕೆಯಾಯಿತು. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಗೀಟು ಎಳೆದು ವಾಪಸು ಕಳಿಸುತ್ತಿದ್ದ.

“ಸದ್ಯ, ಬದುಕಿದೆ” ಎಂದು ಅಕ್ಕ ಫೋನ್ ತೆಗೆದಳು. ಮಗಳು ಬೇರೆ ಊರಿನಲ್ಲಿ ಹಾಸ್ಟೆಲಿನಲ್ಲಿದ್ದಳು. “ಪುಟ್ಟಿ ಪರೀಕ್ಷೆ ಬಿಟ್ಟು ಹೊರಡ್ತೀನಿ ಅಂತ ಕೂತಿದ್ದಾಳೆ. ಬರೋದೇನೂ ಬೇಡ ಅಂತ ಹೇಳಿಬಿಡ್ತೀನಿ.”

ಅವನು ಅವಳ ಕೈ ಹಿಡಿದ. ‘ಸಾಯ್ತಾರೆ’ ಎನ್ನಲು ಬಾಯಿ ಬರಲಿಲ್ಲ.

“ಅವಳನ್ನ ಬಾ ಅನ್ನು ಅಕ್ಕ. ಭಾವ ಉಳಿಯೋದಿಲ್ಲ.”

ಅಕ್ಕ ಗೋಡೆಗೆ ಒರಗಿದಳು. ಟ್ರಾಲಿ ತಳ್ಳಿಕೊಂಡು ಬಂದ ನರ್ಸಿಗೆ ದಾರಿ ಬಿಟ್ಟಳು. ಆಮೇಲೆ ಕೇಳಿದಳು, “ಅವರಿಗೆ ಗೊತ್ತಾ?”

“ಇಲ್ಲ ಅನ್ಸತ್ತೆ. ನಾನು ಹೇಳಲಾ?”

“ಬೇಡ. ನೀನು ಮತ್ತೆ ಸುತ್ತಿ ಬಳಸಿ ಇನ್ನೇನೋ ಹೇಳ್ತೀಯ. ನಾನೇ ಹೇಳ್ತೀನಿ.”

ಬಾಗಿಲಿನ ಗಾಜಿನಾಚೆ ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತದ್ದು, ಭಾವ ಚಾವಣಿ ನೋಡುತ್ತ ಉಳಿದದ್ದು, ಆಮೇಲೆ ಅವಳ ಹೆಗಲಿಗೆ ಕೈ ಚಾಚಿದ್ದು ಕಂಡಿತು. ಅವನು ತಿರುಗಿ ನಿಂತ.

ಮಗಳು ಮರುದಿನವೇ ಬಂದಳು. ಅಪ್ಪ, ಮಗಳು ಹಾಸಿಗೆಯ ಮೇಲೆ ಇಸ್ಪೀಟು ಹರಡಿಕೊಂಡು ಆಡಿದರು. ಅವಳು ಎಲೆ ಕದ್ದಾಗ ಭಾವ ಕೆಮ್ಮು ಬರುವಷ್ಟು ನಕ್ಕರು. ನಡುನಡುವೆ ಇಬ್ಬರೂ ಅತ್ತರು. ಹೇಳಬೇಕಾದ್ದನ್ನೆಲ್ಲ ಹೇಳಿಕೊಂಡರು. ಆ ವಾರದ ಕೊನೆಗೆ, ಮಗಳು ಪಕ್ಕದಲ್ಲಿರುವಾಗಲೇ ಭಾವ ಸತ್ತರು.

ಎಲ್ಲ ಮುಗಿದ ಮೇಲೆ ಅವನು ಡಾಕ್ಟರ ಕೋಣೆಗೆ ಹೋದ. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ.

“ಮುಂದೆ ಯಾರಿಗೇ ಆದ್ರೂ ನೇರವಾಗಿ ಹೇಳಿ ಡಾಕ್ಟ್ರೇ. ನಮ್ಮಕ್ಕ ಆರಾಮಾಗ್ತಾರೆ ಅಂದ್ಕೊಂಡಿದ್ಲು.”

ಡಾಕ್ಟರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ಹಾಗೆ ಹೇಳೋಕೆ ನಂಗೆ ಬಾಯೇ ಬರಲ್ಲ ಸರ್.”

ಉಳಿದ ಮಾತೆಲ್ಲ ಅವನಿಗೆ ಮರೆತುಹೋಯಿತು. ಎದುರಿನ ಕುರ್ಚಿ ಎಳೆದು ಕೂತ.

“ನಂಗೂ ಬರ್ಲಿಲ್ಲ” ಎಂದ.