ಗಿರಣಿ ಅಮ್ಮನ ಉಸಿರು

ಕೆಲಸಕ್ಕೆ ಅರ್ಜಿ ಹಾಕುವುದು ಇಷ್ಟು ದೊಡ್ಡ ತಲೆನೋವು ಎಂದು ವೈದ್ಯಕೀಯ ಓದಿಸಿದ ಯಾರೊಬ್ಬರೂ ನಮಗೆ ಹೇಳಿರಲಿಲ್ಲ. ನಾನು ಏಳು ಆಸ್ಪತ್ರೆಗಳಿಗೆ ಅರ್ಜಿ ಹಾಕಿದ್ದೆ. ಏಳರಲ್ಲೂ ‘ಅನುಭವ’ ಎಂಬ ಖಾನೆ. ಅಲ್ಲ ಸ್ವಾಮಿ, ಕೆಲಸ ಕೊಟ್ಟರಲ್ಲವೇ ಅನುಭವ? ಹುಚ್ಚು ಬಿಡದ ಹೊರತು ಮದುವೆಯಾಗುವುದಿಲ್ಲ, ಮದುವೆಯಾಗದ ಹೊರತು ಹುಚ್ಚು ಬಿಡುವುದಿಲ್ಲ! ಆರು ಕಡೆಯಿಂದ ಉತ್ತರವೇ ಬರಲಿಲ್ಲ. ಏಳನೆಯದು ನಾನು ಇಂಟರ್ನ್ ಆಗಿ ವರ್ಷವಿಡೀ ಕತ್ತೆಯಂತೆ ದುಡಿಯುತ್ತಿದ್ದ ಆಸ್ಪತ್ರೆಯೇ. ಅವರು ಕರೆದರು. ಮಂಗಳವಾರ ಹನ್ನೊಂದು ಗಂಟೆಗೆ, ಮೂರನೇ ಮಹಡಿಯಲ್ಲಿ ಸಂದರ್ಶನ. ಹುದ್ದೆ ಎರಡು, ಅಭ್ಯರ್ಥಿಗಳು ಹತ್ತೊಂಬತ್ತು ಮಂದಿ.

ಅದೇ ಮಂಗಳವಾರ ಬೆಳಿಗ್ಗೆ ಏಳಕ್ಕೆ ನನಗೆ ತುರ್ತು ವಾರ್ಡಿನಲ್ಲಿ ಡ್ಯೂಟಿ. ಕಿಟಕಿ ಪಕ್ಕದ ಮಂಚದ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು ಮಲಗಿದ್ದರು. ಹಿಟ್ಟಿನ ಗಿರಣಿಯ ಯಜಮಾನಿ. ಹಿಂದಿನ ದಿನ ಸಂಜೆ ಮೂಟೆ ಸರಿಸುವಾಗ ಅದರ ಹಿಂದಿದ್ದ ಹಾವು ಕೈಗೆ ಕಚ್ಚಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ರೆಪ್ಪೆ ಜೋತುಬಿದ್ದು, ಮಾತು ತೊದಲಿ, ಕೊನೆಗೆ ಉಸಿರೇ ನಿಂತಿತ್ತು. ಗಂಟಲಿಗೆ ಕೊಳವೆ ಇಳಿಸಿ, ವಿಷಕ್ಕೆ ಮದ್ದು ಕೊಟ್ಟಾಗಿತ್ತು. ಉಸಿರಾಟದ ಯಂತ್ರಗಳು ನಾಲ್ಕಿದ್ದವು. ನಾಲ್ಕನ್ನೂ ಬೇರೆಯವರಿಗೆ ಹಾಕಿದ್ದರು. ಹಾಗಾಗಿ ಕೊಳವೆಯ ತುದಿಗೆ ಒಂದು ರಬ್ಬರಿನ ಗಾಳಿಚೀಲ. ಅದನ್ನು ಕೈಯಲ್ಲಿ ಒತ್ತಿದರೆ ಆಕೆಗೆ ಒಂದು ಉಸಿರು, ಒತ್ತದಿದ್ದರೆ ಇಲ್ಲ.

ನನಗಿಂತ ಮುಂಚೆ ಚೀಲ ಒತ್ತುತ್ತಿದ್ದವನು ನನ್ನ ಸಹಪಾಠಿ. ಆರಡಿ ಮೂರಂಗುಲ ಇದ್ದುದರಿಂದ ಎಲ್ಲರೂ ಅವನನ್ನು ಉದ್ದ ಎಂದೇ ಕರೆಯುತ್ತಿದ್ದರು. ಅವನು ಚೀಲವನ್ನು ನನ್ನ ಕೈಗೆ ದಾಟಿಸಿ, ಬೆರಳಿನ ನೆಟಿಕೆ ಲಟಲಟ ಮುರಿದುಕೊಂಡ.

“ಒತ್ತು, ಬಿಡು, ಎರಡು, ಮೂರು, ನಾಲ್ಕು. ಹೆದರಿದ್ರೆ ಕೈ ಓಡುತ್ತೆ, ಹುಷಾರು,” ಎಂದ.

ನಾನು ಎಡಗೈಯಲ್ಲಿ ಆಕೆಯ ರೆಪ್ಪೆ ಎತ್ತಿದೆ, ಉದ್ದ ಟಾರ್ಚ್ ಹಾಕಿದ. ಕಣ್ಣಿನ ಪಾಪೆ ಮಿಸುಕಲಿಲ್ಲ. ಕೈ ಚಿವುಟಿದೆ, ಏನೂ ಇಲ್ಲ. ನನ್ನ ಬಾಯಿಗೆ ಬೀಗವಿಲ್ಲ ಎಂದು ನಮ್ಮಮ್ಮ ಸುಮ್ಮನೆ ಹೇಳುವುದಿಲ್ಲ.

“ಇದು ಮುಗಿದ ಕಥೆ ಅನ್ಸುತ್ತೆ ಕಣೋ,” ಎಂದುಬಿಟ್ಟೆ.

ಹಿಂದೆ ದೊಡ್ಡ ಡಾಕ್ಟರು ನಿಂತಿದ್ದರು. ಮಂಚದ ಮೇಲೆ ಬಗ್ಗಿ ಆಕೆಯ ಕಿವಿಯ ಹತ್ತಿರ, ಮನೆಗೆ ಬಂದ ಹಿರಿಯರೊಂದಿಗೆ ಮಾತಾಡುವ ಹಾಗೆ ಮಾತಾಡಿದರು.

“ಅಮ್ಮಾ, ನಾನು ಇಲ್ಲಿನ ಡಾಕ್ಟರು. ನಿಮಗೆ ಎಲ್ಲಾ ಕೇಳಿಸ್ತಿದೆ ಅಂತ ನನಗೆ ಗೊತ್ತು. ಹೌದಾದ್ರೆ ಕಾಲಿನ ಹೆಬ್ಬೆರಳು ಒಂಚೂರು ಅಲ್ಲಾಡಿಸಿ.”

ನಾವೆಲ್ಲ ಆ ಹೆಬ್ಬೆರಳನ್ನೇ ನೋಡಿದೆವು. ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ಬಹಳ ಹೊತ್ತಾಯಿತು. ಆಮೇಲೆ ಅದು ಅಲ್ಲಾಡಿತು, ಕೂದಲೆಳೆಯಷ್ಟು.

“ಈ ವಿಷ ಮೈಯನ್ನ ಕಟ್ಟಿಹಾಕುತ್ತೆ, ಬುದ್ಧೀನ ಅಲ್ಲ,” ಎಂದರು ದೊಡ್ಡ ಡಾಕ್ಟರು. “ಇವರು ಒಳಗೆ ಪೂರ್ತಿ ಎಚ್ಚರವಾಗಿದ್ದಾರೆ. ನೀನು ಈಗ ಹೇಳಿದ್ದೂ ಕೇಳಿಸ್ಕೊಂಡಿದ್ದಾರೆ. ಮದ್ದು ಹಿಡಿದ್ರೆ ತಾವಾಗೇ ಉಸಿರು ತಗೋತಾರೆ. ಯಾವಾಗ ಅಂತ ಹೇಳೋಕಾಗಲ್ಲ. ಅಲ್ಲೀವರೆಗೆ ಚೀಲ ನಿಲ್ಲಬಾರದು, ಅಷ್ಟೇ.”

ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಇಳಿದುಹೋಗುತ್ತಿದ್ದೆ. ಅದು ಬಾಯಿಬಿಡದ ಕಾರಣ ಬಗ್ಗಿ ಆಕೆಯ ಕಿವಿಯಲ್ಲಿ ಹೇಳಿದೆ: “ತಪ್ಪಾಯ್ತಮ್ಮ. ನಾನು ಹೇಳಿದ್ದು ಸುಳ್ಳು. ನೀವಿದ್ದೀರಿ.” ಒಬ್ಬ ಹೆಂಗಸು ರೆಪ್ಪೆ ಕೂಡ ಎತ್ತಲಾಗದೆ ಕತ್ತಲೆಯಲ್ಲಿ ಮಲಗಿ, ತನ್ನ ಸಾವಿನ ಸುದ್ದಿಯನ್ನು ನನ್ನಂಥವಳ ಬಾಯಿಂದ ಕೇಳಿಸಿಕೊಂಡಿದ್ದಾಳೆ. ಆಕೆಯ ಮುಂದಿನ ಉಸಿರು ನನ್ನ ಅಂಗೈಯಲ್ಲಿದೆ. ಇಂಥದ್ದೂ ಲೋಕದಲ್ಲಿ ಇರುತ್ತದೆಯೇ ಎಂದು ಬೆರಗಾಗಿ, ಎಣಿಕೆ ತಪ್ಪೀತು ಎಂದು ಹೆದರಿ, ಮತ್ತೆ ಒಂದರಿಂದ ಶುರುಮಾಡಿದೆ.

ಮಂಚದ ಬುಡದಲ್ಲಿ ಆಕೆಯ ಸೊಸೆ ನಿಂತಿದ್ದಳು. ಮಗ ಲಾರಿ ಡ್ರೈವರ್, ದೂರದಿಂದ ಹೊರಟಿದ್ದ. ಎಂಟೂವರೆಗೆ ನನ್ನ ಕೈ ಸೋತಿತು. ವಾರ್ಡಿನ ಸಿಸ್ಟರ್, “ಮನೆಯವರಿಗೂ ಕಲಿಸು. ಇಲ್ಲಾಂದ್ರೆ ಮಧ್ಯಾಹ್ನಕ್ಕೆ ನಿನ್ನನ್ನೂ ಪಕ್ಕದ ಮಂಚದಲ್ಲಿ ಮಲಗಿಸ್ಬೇಕಾಗುತ್ತೆ,” ಎಂದರು. ನಾನು ಸೊಸೆಯ ಕೈಯನ್ನು ಚೀಲದ ಮೇಲಿಟ್ಟು ಎಣಿಸಲು ಕಲಿಸಿದೆ. ಗಿರಣಿಯಲ್ಲಿ ಪಳಗಿದ ಕೈ. ಎರಡೇ ನಿಮಿಷದಲ್ಲಿ ನನಗಿಂತ ಚೆನ್ನಾಗಿ ಒತ್ತತೊಡಗಿತು.

“ಇವರಿಗೆ ಕೇಳಿಸುತ್ತೆ ಅಂದ್ರಲ್ಲ ಡಾಕ್ಟ್ರೇ, ನಿಜಾನಾ?” ಎಂದಳು.

“ನಿಜ ಅಕ್ಕ. ಮಾತಾಡಿ. ಒಳ್ಳೇದು.”

“ತಿರುಗಿ ಮಾತಾಡೋಕಾಗಲ್ಲ?”

“ಸದ್ಯಕ್ಕೆ ಆಗಲ್ಲ.”

ಅವಳು ಒಂದು ಸಲ ಸೀನಿಯರ್ ವಕೀಲರ ಹಾಗೆ ಗಂಟಲು ಸರಿಮಾಡಿಕೊಂಡಳು.

“ಅತ್ತೆ, ಹನ್ನೊಂದು ವರ್ಷ ಆಯ್ತು, ಒಂದು ಮಾತು ಪೂರ್ತಿ ಆಡೋಕೆ ನೀವು ನನ್ನ ಬಿಟ್ಟಿದ್ದುಂಟಾ? ಇವತ್ತು ಕೇಳಿ.” ಒತ್ತಿದಳು. “ಜರಡಿ ಹರಿದದ್ದು ನಾನಲ್ಲ, ನಿಮ್ಮ ಮುದ್ದಿನ ಮಗ.” ಒತ್ತಿದಳು. “ನಿಮ್ಮ ಅಡುಗೆಗೆ ಉಪ್ಪು ಜಾಸ್ತಿ. ಹನ್ನೊಂದು ವರ್ಷದಿಂದ ನೀರು ಕುಡ್ಕೊಂಡು ಉಣ್ತಿದ್ದೀನಿ.”

ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡಿದ್ದ ಮುದುಕ ಕಿಸಕ್ಕೆಂದು ನಕ್ಕ. ಸಿಸ್ಟರ್, “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ,” ಎಂದು ಗೊಣಗುತ್ತಾ ಸಲೈನ್ ಬಾಟಲಿ ಬದಲಿಸಿದರು. ನಾನೂ ನಕ್ಕೆ. ನಗುತ್ತಿದ್ದವಳು ಸೊಸೆಯ ಮುಖ ನೋಡಿ ಸುಮ್ಮನಾದೆ. ಅವಳ ಕಣ್ಣಿಂದ ನೀರು ಗಲ್ಲಕ್ಕೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

“ನಮ್ಮಮ್ಮ ತೀರ್ಕೊಂಡಾಗ ನಾನು ಮೂರು ದಿನ ಏನೂ ತಿನ್ನಲಿಲ್ಲ. ನೀವು ಬಾಗಿಲು ಒದ್ದು ಒಳಗೆ ಬಂದು, ಬೈಕೊಂಡೇ ತುತ್ತು ಮಾಡಿ ಬಾಯಿಗಿಟ್ರಿ. ಅದನ್ನ ನಾನು ಮರೆತಿಲ್ಲ ಅಂತ ಹೇಳೋಕೆ ಇವತ್ತಿನವರೆಗೂ ನಾಲಿಗೆ ಏಳಲಿಲ್ಲ ಅತ್ತೆ.”

ಅಷ್ಟು ಅಳುವಿನಲ್ಲೂ ಅವಳ ಎಣಿಕೆ ಒಂದೇ ಒಂದು ಸಲ ತಪ್ಪಲಿಲ್ಲ. ಅತ್ತೆಯ ಮುಚ್ಚಿದ ರೆಪ್ಪೆಯ ಕೆಳಗಿನಿಂದ ಒಂದು ಹನಿ ಜಾರಿ ಕಿವಿಯ ಕಡೆಗೆ ಹೋಯಿತು. ಅದನ್ನು ನಾನು ಹತ್ತಿಯಿಂದ ಒರೆಸಿದೆ. ಐದು ವರ್ಷ ಓದಿದ ದಪ್ಪ ಪುಸ್ತಕಗಳಿಂದ ಮನುಷ್ಯರ ಬಗ್ಗೆ ನನಗೆ ಇಷ್ಟು ತಿಳಿದಿರಲಿಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಸಿಸ್ಟರ್ ನನ್ನನ್ನು ದಬ್ಬಿದರು. “ಹೋಗು ಮಾರಾಯ್ತಿ, ನಾನಿದ್ದೀನಿ, ಇವಳಿದ್ದಾಳೆ. ಬೇಗ ಮುಗಿಸ್ಕೊಂಡು ಬಾ.”

ಮೂರನೇ ಮಹಡಿಯಲ್ಲಿ ಉದ್ದನೆಯ ಮೇಜಿನ ಹಿಂದೆ ಮೂವರು ಕುಳಿತಿದ್ದರು. ಮಧ್ಯದಲ್ಲಿದ್ದ ಮೇಡಂ, “ಈ ಕೆಲಸ ನಿಮಗೆ ಯಾಕೆ ಬೇಕು?” ಎಂದರು. ಕನ್ನಡಿಯ ಮುಂದೆ ಹದಿನೈದು ದಿನ ಉರುಹೊಡೆದ ಉತ್ತರ ಹಾರಿಹೋಯಿತು. ಏನೋ ಬಡಬಡಿಸಿದೆ.

“ನಿಮ್ಮ ಕೈಗೆ ಏನಾಗಿದೆ?”

ನೋಡಿಕೊಂಡರೆ ನನ್ನ ಬಲಗೈ ತೊಡೆಯ ಮೇಲಿದ್ದ ಫೈಲನ್ನು ಒತ್ತಿ ಬಿಡುತ್ತಿತ್ತು. ಎರಡು, ಮೂರು, ನಾಲ್ಕು.

“ಕೆಳಗೆ ಒಬ್ಬರ ಉಸಿರು ಬಿಟ್ಟು ಬಂದಿದ್ದೀನಿ ಮೇಡಂ,” ಎಂದೆ.

ಬಲಗಡೆಯವರು ನಕ್ಕು, “ಸರಿ, ನೀವು ಮಾಡಿದ ದೊಡ್ಡ ತಪ್ಪು ಯಾವುದು, ಹೇಳಿ,” ಎಂದರು. ಬೆಳಗಿನದನ್ನು ಹೇಳಿದೆ. ಮುಗಿದ ಕಥೆ ಎಂದದ್ದನ್ನೂ, ಹೆಬ್ಬೆರಳು ಅಲ್ಲಾಡಿದ್ದನ್ನೂ ಮುಚ್ಚಿಡದೆ ಹೇಳಿದೆ. ಮೂವರೂ ಬರೆಯುವುದನ್ನು ನಿಲ್ಲಿಸಿದರು. ಆಗ ಕೋಟಿನ ಜೇಬಿನಲ್ಲಿ ಫೋನ್ ನಡುಗಿತು. ಸಿಸ್ಟರ್. ನಿಂತಿತು, ಮತ್ತೆ ನಡುಗಿತು. ಕ್ಷಮೆ ಕೇಳಿ ಎತ್ತಿದೆ.

“ಬೇರೆ ಮಂಚದಲ್ಲಿ ಒಬ್ಬರ ಎದೆಬಡಿತ ನಿಂತಿದೆ, ಉದ್ದ ಎದೆ ಒತ್ತುತ್ತಿದ್ದಾನೆ, ನಾನೂ ಇಲ್ಲೇ ಇದ್ದೀನಿ. ಆ ಸೊಸೆ ಕಿರುಚ್ತಿದ್ದಾಳೆ. ಓಡು!”

ನಾನು ಎದ್ದುನಿಂತೆ. “ಇನ್ನೂ ಪ್ರಶ್ನೆಗಳಿವೆ,” ಎಂದರು ಮೇಡಂ. “ಈಗ ಹೋದ್ರೆ ಮತ್ತೆ ಕರೆಯೋಕಾಗಲ್ಲ.”

“ಗೊತ್ತು ಮೇಡಂ,” ಎಂದು ಬಾಗಿಲು ತೆರೆದೆ. ಆ ಹುದ್ದೆ ನನಗೆ ಸಿಗಲಿಲ್ಲ, ಈಗಲೇ ಹೇಳಿಬಿಡುತ್ತೇನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಮ್ಮ ಒಂದು ತಿಂಗಳು ಹಲುಬಿದರು. ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಇಳಿಯುವಾಗ ನನ್ನ ತಲೆಯಲ್ಲಿ ಹುದ್ದೆ ಇರಲಿಲ್ಲ. ಇರಿ ಅಮ್ಮ, ಇರಿ ಅಮ್ಮ, ಎಂಬುದೊಂದೇ ಇತ್ತು.

ಸೊಸೆಯ ಮುಖ ಸುಣ್ಣದಷ್ಟು ಬೆಳ್ಳಗಾಗಿತ್ತು. “ಚೀಲ ಕೆಟ್ಟಿದೆ ಡಾಕ್ಟ್ರೇ! ಒತ್ತಿದ್ರೆ ಒಂದೊಂದ್ಸಲ ಒಳಗೆ ಹೋಗಲ್ಲ, ತಡೀತಿದೆ. ನಾನೇ ಏನೋ ತಪ್ಪು ಮಾಡ್ದೆ, ನಾನೇ ಕೊಂದುಬಿಟ್ಟೆ ಇವರನ್ನ!”

ಎದೆಯ ಎರಡೂ ಕಡೆ ಸ್ಟೆತಾಸ್ಕೋಪ್ ಇಟ್ಟೆ. ಗಾಳಿ ಹೋಗುತ್ತಿತ್ತು, ಕೊಳವೆ ಜಾಗದಲ್ಲೇ ಇತ್ತು. ಅವಳ ಕೈಯ ಮೇಲೆ ನನ್ನ ಕೈ ಇಟ್ಟೆ. ಒತ್ತುವಾಗ ಏನೋ ಎದುರು ನಿಂತಿತು, ನಿಜ.

“ಅಕ್ಕ, ಒಂದು ಸಲ ಒತ್ತಬೇಡಿ.”

“ಸತ್ತುಹೋಗ್ತಾರೆ!”

“ಒಂದೇ ಸಲ. ನನ್ನ ಕೈ ಇಲ್ಲೇ ಇದೆ.”

ಇಬ್ಬರೂ ಕೈ ಸಡಿಲ ಬಿಟ್ಟೆವು. ಎರಡು. ಮೂರು. ನಾಲ್ಕು. ಐದು. ಏನೂ ಇಲ್ಲ. ಆರು ಎನ್ನುವಷ್ಟರಲ್ಲಿ ಚೀಲದ ಬಾಯಲ್ಲಿದ್ದ ಪುಟ್ಟ ಕವಾಟ ಟಿಕ್ ಎಂದಿತು. ನಾವಿಬ್ಬರೂ ಒತ್ತಿರಲಿಲ್ಲ. ಚೀಲದ ಮೈ ನಮ್ಮ ಅಂಗೈಯಡಿ ಒಂದಿಷ್ಟು ಒಳಕ್ಕೆ ಕುಸಿಯಿತು. ಆ ಕಡೆಯಿಂದ ಯಾರೋ ಎಳೆದಿದ್ದರು. ಹೊದಿಕೆಯ ಕೆಳಗೆ ಎದೆ ಒಂದು ಬೆರಳಷ್ಟು ಮೇಲೆದ್ದಿತು.

“ಅಕ್ಕ,” ಎಂದೆ. “ಅದು ಅವರೇ. ಅವರೇ ತಗೊಂಡ್ರು.”

ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

“ಉಸಿರಿನ್ನೂ ಸಣ್ಣದು, ನೀವು ಜೊತೆ ಕೊಡ್ಬೇಕು. ನನ್ನ ಬೆರಳು ಇಲ್ಲೇ ಇರುತ್ತೆ, ತಡವಾದ್ರೆ ನಾನು ಒತ್ತುತ್ತೀನಿ. ನೀವು ಎಣಿಸಬೇಡಿ. ಅವರು ಎಳೆಯೋವರೆಗೆ ಕಾಯಿರಿ, ಎಳೆದ ತಕ್ಷಣ ಒತ್ತಿ.”

ಅವಳು ಅತ್ತೆಯ ಮುಖದ ಹತ್ತಿರ ಮುಖ ತಂದು ಕಾದಳು. ಬೆಳಗಿನಿಂದ ಒತ್ತಿದ್ದಕ್ಕಿಂತ ಕಾಯುವುದೇ ಅವಳಿಗೆ ಕಷ್ಟವಾಗಿತ್ತು.

“ಎಳ್ಕೊಳ್ಳಿ ಅತ್ತೆ,” ಎಂದಳು. “ನನ್ನ ಕೈಯಿಂದ ಕಿತ್ಕೊಳ್ಳಿ. ಕಿತ್ಕೊಳ್ಳಿ ಅತ್ತೆ, ನಾನು ಬೇಜಾರು ಮಾಡ್ಕೊಳ್ಳಲ್ಲ.”

ಕವಾಟ ಟಿಕ್ ಎಂದಿತು.