ಹೊಸ ಟಾಪು, ಹಳೇ ನೀರು

ಗ್ಲೆನಿಸ್ ಪ್ರೈಸ್ ಹಲ್ಲುಸೆಟ್ ಮಾಡುವವಳು. ಟಾಸ್ಮೇನಿಯಾದ ಉತ್ತರ ದಂಡೆಯ ಅಲ್ವರ್‌ಸ್ಟನ್ ಊರಲ್ಲಿ ಮುದುಕರು ಸೇಬು ಕಚ್ಚಿದರೆ ಅದು ಬಹುಪಾಲು ಅವಳು ಕೂರಿಸಿದ ಹಲ್ಲಿನಿಂದಲೇ. ಐವತ್ತೆಂಟರ ಈ ಹೆಂಗಸಿನ ಬಳಿ ಎರಡೇ ಸೀಟಿನ ಒಂದು ಹಸಿರು ಕಾರಿತ್ತು. ಬಿಸಿಲು ಬಿದ್ದ ದಿನ ಅದರ ಬಟ್ಟೆ ಟಾಪನ್ನು ಹಿಂದಕ್ಕೆ ಮಡಚಿ ಸಮುದ್ರದ ಪಕ್ಕದ ರಸ್ತೆಯಲ್ಲಿ ಓಡಿಸುತ್ತಿದ್ದಳು. ಈಗ ಆ ಟಾಪಿಗೆ ಇಪ್ಪತ್ತೆರಡು ವರ್ಷ. ಮಡಿಕೆ ಬೀಳುವ ಜಾಗದಲ್ಲಿ ಬಟ್ಟೆ ಸೀಳಿತ್ತು, ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಗಟ್ಟಿತ್ತು. ಮಳೆ ಬಂದ ಮರುದಿನ ಎಡಸೀಟಿನ ಮುಂದಿನ ಕಾರ್ಪೆಟ್ ಹಿಂಡಿದರೆ ನೀರು ಸುರಿಯುತ್ತಿತ್ತು.

ಊರಲ್ಲಿ ಕಾರಿನ ಸೀಟು, ಟಾಪು ಹೊಲಿಯುವವನು ಹಾರ್ಮನ್ ಡೆಕ್ಕರ್ ಒಬ್ಬನೇ. ಎಪ್ಪತ್ತು ದಾಟಿದ ಡಚ್ ಮನುಷ್ಯ. ಕಾರನ್ನು ಒಂದು ಸುತ್ತು ಹಾಕಿ ನೋಡಿದ.

"ಏಪ್ರಿಲ್‌ಗೆ ತಗೊಂಡು ಬಾಮ್ಮ. ಅಲ್ಲೀವರೆಗೂ ಕೈ ಖಾಲಿ ಇಲ್ಲ."

"ನಾನೇ ಹಾಕ್ಕೊಂಡ್ರೆ?"

"ಹಾಕ್ಕೋ. ಆಗದೇ ಇರೋ ಕೆಲಸ ಏನಲ್ಲ. ಅರ್ಧಕ್ಕೆ ಕೈಬಿಟ್ಟು ನನ್ನತ್ರ ಬರೋರು ಮಾತ್ರ ವರ್ಷಕ್ಕೆ ನಾಲ್ಕು ಜನ ಇದಾರೆ."

"ನಾನು ಐದನೆಯವಳಾದ್ರೆ ಬೈಬೇಡಿ."

"ಬೈಯಲ್ಲ. ನಗ್ತೀನಿ," ಎಂದ ಹಾರ್ಮನ್.

ಏಪ್ರಿಲ್ ತನಕ ಕಾಯಲಾರದೆ ಅವಳು ಈ ಕೆಲಸಕ್ಕೆ ಇಳಿದಳು ಎನ್ನುವಂತಿರಲಿಲ್ಲ. ಇಷ್ಟು ವರ್ಷ ತಲೆಯ ಮೇಲಿದ್ದ ಆ ಬಟ್ಟೆಯ ಒಳಗೆ ಏನಿದೆ, ಅಷ್ಟು ಕಬ್ಬಿಣದ ಕಮಾನುಗಳು ಒಂದಕ್ಕೊಂದು ತಗಲದೆ ಹೇಗೆ ಮಡಚಿಕೊಳ್ಳುತ್ತವೆ ಎಂದು ನೋಡುವ ಆಸೆ ಅವಳಿಗೆ ಮೊದಲಿನಿಂದಲೂ ಇತ್ತು. ಮೆಲ್ಬೋರ್ನ್‌ನಿಂದ ಹೊಲಿದು ಸಿದ್ಧವಾದ ಟಾಪನ್ನು ತರಿಸಿದಳು. ಫೆಬ್ರವರಿಯ ಒಂದು ಶನಿವಾರ ಅಣ್ಣ ಆಲ್ವಿನ್‌ನನ್ನು ಕರೆದಳು.

"ಹಲ್ಲು ಕಟ್ಟೋಳು ಕಾರಿಗೆ ಟೋಪಿ ಹಾಕೋಕೆ ಹೊರಟ್ಲು," ಎಂದ ಆಲ್ವಿನ್, ಬಂದವನೇ. "ತಪ್ಪಾದ್ರೆ ಯಾರನ್ನ ಬೈಯ್ತೀಯ?"

"ನಿನ್ನನ್ನೇ. ಅದಕ್ಕೇ ಕರೆದಿದ್ದು. ಸ್ಪ್ಯಾನರ್ ಕೊಡು."

ಸೀಟಿನ ಹಿಂದಿನ ಕಾರ್ಪೆಟ್ ಎತ್ತಿದಾಗ ಸಾಲಾಗಿ ನಟ್ಟುಗಳು ಕಂಡವು. ಬಿಚ್ಚಿದ್ದನ್ನೆಲ್ಲ ಅವಳು ಮೊಟ್ಟೆ ಟ್ರೇಯ ಒಂದೊಂದು ಗುಳಿಯಲ್ಲಿ ಹಾಕಿ ಚೀಟಿ ಅಂಟಿಸಿದಳು. ಇಬ್ಬರೂ ಸೇರಿ ಟಾಪಿನ ಚೌಕಟ್ಟನ್ನು ಎತ್ತಿ ಹುಲ್ಲಿನ ಮೇಲಿಟ್ಟರು. ಬಟ್ಟೆಯನ್ನು ಕಚ್ಚಿ ಹಿಡಿದಿದ್ದ ರಿವೆಟ್ಟುಗಳನ್ನು ಡ್ರಿಲ್ಲಿನಿಂದ ತೆಗೆದಾಗ ಹಳೇ ಬಟ್ಟೆ ಸುಲಿದ ಚರ್ಮದಂತೆ ಕಳಚಿ ಬಂತು. ಗ್ಲೆನಿಸ್ ಮಂಡಿಯೂರಿ ಕೂತು ಬರಿಯ ಕಮಾನುಗಳನ್ನು ಏಳೆಂಟು ಸಲ ಮಡಚಿದಳು, ಬಿಚ್ಚಿದಳು.

"ನೋಡಿಲ್ಲಿ ಆಲ್ವಿನ್, ಮೊಣಕೈ ಥರಾನೇ ಇದೆ!"

"ನೋಡ್ದೆ ಮಾರಾಯ್ತಿ. ಟೀ ಯಾವಾಗ?"

ಹೊಸ ಬಟ್ಟೆಯ ಎರಡೂ ಅಂಚಿನಲ್ಲಿ, ಪೈಜಾಮಕ್ಕೆ ಲಾಡಿ ತೂರಿಸುವ ಅಂಚಿನಂತೆ, ಒಂದು ಸಣ್ಣ ಕೊಳವೆ ಹೊಲಿದಿದ್ದರು. ಬಟ್ಟೆ ಬಿಗಿಯಾಗಿ ಕೂರಲು ಅದರೊಳಗೆ ತೆಳು ಉಕ್ಕಿನ ಕೇಬಲ್ ತೂರಿಸಬೇಕು. ಅದು ನಡುವಿನಲ್ಲಿ ಸಿಕ್ಕಿಕೊಂಡು ಮುಂದೆ ಹೋಗಲೊಲ್ಲದು. ಅವಳು ಒಳಗೆ ಹೋಗಿ ಹಲ್ಲಿಗೆ ಕ್ಲಿಪ್ ಮಾಡುವ ತಂತಿ ತಂದಳು. ತುದಿಯನ್ನು ಮೇಣದಿಂದ ಗುಂಡಗೆ ಮಾಡಿ ತೂರಿಸಿ, ಅದಕ್ಕೆ ಕಟ್ಟಿ ಕೇಬಲನ್ನು ಎಳೆದುಕೊಂಡಳು.

ಸಂಜೆಗೆ ಟಾಪು ಕೂತಿತು. ಆದರೆ ಮುಂದಿನ ಕೊಂಡಿ ಗಾಜಿನ ಚೌಕಟ್ಟಿಗೆ ಎರಡು ಬೆರಳು ದೂರದಲ್ಲೇ ನಿಂತಿತು. "ನಾನು ಮೇಲೆ ಕೂತು ಅಮುಕ್ತೀನಿ," ಎಂದ ಆಲ್ವಿನ್. ಗ್ಲೆನಿಸ್ ಅವನನ್ನು ತಡೆದು ಹಾರ್ಮನ್‌ಗೆ ಫೋನ್ ಮಾಡಿದಳು.

"ಐದನೆಯವಳು!" ಹಾರ್ಮನ್ ಮಾತು ಕೊಟ್ಟಂತೆಯೇ ನಕ್ಕ. "ಎರಡು ಬೆರಳು ತಾನೇ? ಸರಿಯಾಗೇ ಇದೆ. ಬಲವಂತ ಮಾಡ್ಬೇಡ. ನಾಳೆ ಬಿಸಿಲಲ್ಲಿ ನಿಲ್ಸಿ, ಒಳಗೆ ಹೀಟರ್ ಹಾಕು. ಬಟ್ಟೆ ತಾನಾಗೇ ಹಿಗ್ಗುತ್ತೆ."

ಮರುದಿನ ಮಧ್ಯಾಹ್ನ ಮೂರಕ್ಕೆ ಕೊಂಡಿ ಟಕ್ಕೆಂದು ಬಿತ್ತು. ಗ್ಲೆನಿಸ್ ಅದನ್ನು ಬಿಚ್ಚಿ ಇನ್ನೊಮ್ಮೆ ಹಾಕಿದಳು, ಆ ಸದ್ದಿಗಾಗಿಯೇ.

ಹತ್ತು ದಿನ ಕಳೆದು ಜೋರು ಮಳೆ ಬಂತು. ಬೆಳಿಗ್ಗೆ ಬಾಗಿಲು ತೆಗೆದರೆ ಎಡಗಡೆಯ ಕಾರ್ಪೆಟ್ ಮತ್ತೆ ತೊಪ್ಪೆ.

ಅವಳಿಗೆ ಅಳು ಬಂದಂತಾಯಿತು. ಆಲ್ವಿನ್ ಬಂದು ನೋಡಿ, "ಹಾರ್ಮನ್‌ಗೇ ಕೊಟ್ಟಿದ್ರೆ ಆಗ್ತಿತ್ತು," ಎಂದು ಗೊಣಗಿದ. ಅವಳು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡಳು. "ಪೈಪು ತಗೊಂಡು ಮೇಲಿಂದ ನೀರು ಬಿಡು. ನಿಧಾನಕ್ಕೆ."

ಅವನು ನೀರು ಬಿಟ್ಟ. ಅವಳು ಒಳಗಿನಿಂದ ಹೊಲಿಗೆಯ ಮೇಲೆಲ್ಲ ಬೆರಳಾಡಿಸಿದಳು. ಎಲ್ಲೂ ಒಂದು ಹನಿಯಿಲ್ಲ, ಟಾಪಿನ ಒಳಬದಿ ಪೂರ್ತಿ ಒಣಗಿತ್ತು. ಆಗ ಎಡಭುಜದ ಹಿಂದೆ, ತೀರಾ ಕೆಳಗೆ, ಹೂಜಿ ತುಂಬುವಂಥ ಸದ್ದು ಕೇಳಿತು.

"ನಿಲ್ಸು! ನಿಲ್ಸು!"

ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೂ ಟಾರ್ಚನ್ನೂ ತಂದು ಸೀಟ್‌ಬೆಲ್ಟಿನ ಹಿಂದಿನ ಸಂದಿಯೊಳಗೆ ಇಳಿಸಿದಳು. ಕನ್ನಡಿಯಲ್ಲಿ ಕಪ್ಪು ನೀರು ಹೊಳೆಯಿತು. ಟಾಪಿನಿಂದ ಜಾರಿದ ನೀರು ಅಲ್ಲೊಂದು ತೂತಿನಿಂದ ಕಾರಿನಡಿಗೆ ಹೋಗಬೇಕು. ಆ ತೂತೇ ಕಟ್ಟಿಕೊಂಡು, ನಿಂತ ನೀರು ಉಕ್ಕಿ ಕಾರ್ಪೆಟ್ಟಿಗೆ ಹರಿಯುತ್ತಿತ್ತು. ಮೆತ್ತನೆಯ ಪ್ಲಾಸ್ಟಿಕ್ ನಳಿಗೆಯಿಂದ ಅವಳು ಮೆಲ್ಲಗೆ ತಿವಿದಳು. ಒಮ್ಮೆಲೇ ಕಾರಿನಡಿಯಲ್ಲಿ ನೀರು ಭುಸ್ಸೆಂದು ಇಳಿದು ಆಲ್ವಿನ್‌ನ ಬೂಟು ತೋಯಿಸಿತು. ಜೊತೆಗೆ ಕೊಳೆತ ನೀಲಗಿರಿ ಎಲೆಗಳು ಮುದ್ದೆ ಮುದ್ದೆಯಾಗಿ ಬಂದವು.

"ಅಂದ್ರೆ, ಹಳೇ ಟಾಪು ಸೋರ್ತಾನೇ ಇರ್ಲಿಲ್ವಾ?"

"ಸೀಳಿತ್ತು, ಅದು ನಿಜ. ಆದ್ರೆ ಈ ನೀರಿಗೂ ಅದಕ್ಕೂ ಸಂಬಂಧ ಇರ್ಲಿಲ್ಲ," ಎಂದಳು ಗ್ಲೆನಿಸ್. ಅವಳ ಮುಖದಲ್ಲಿ ಬೇಸರದ ಗುರುತೂ ಇರಲಿಲ್ಲ. ಬಲಗಡೆಯ ತೂತು ಹೇಗಿದೆಯೋ ಎಂದು ಆಗಲೇ ಆ ಕಡೆ ಹೊರಟಿದ್ದಳು.

ಸೋಮವಾರ ಕಾರನ್ನು ಹಾರ್ಮನ್‌ನ ಶೆಡ್ಡಿಗೆ ಒಯ್ದು ನಡೆದದ್ದನ್ನೆಲ್ಲ ಹೇಳಿದಳು. ಅವನು ಡಚ್ಚರಿಗೆ ಪ್ರಿಯವಾದ, ಉಪ್ಪು ಹಾಕಿದ ಕರಿ ಮಿಠಾಯಿ ಚೀಪುತ್ತ ಟಾಪಿನ ಮೇಲೆ ಅಂಗೈ ಸವರಿದ. ಹಿಂದಿನ ಮೂಲೆಯ ಒಂದು ಸುಕ್ಕಿನ ಹತ್ತಿರ ಕೈ ನಿಂತಿತು, ಆಮೇಲೆ ಮುಂದೆ ಹೋಯಿತು. ಅಂಚಿನ ಹತ್ತಿರ ಬಗ್ಗಿದ.

"ಕೇಬಲ್ ಹೆಂಗೆ ತೂರಿಸಿದೆ? ನಂಗೇ ಅದು ಅರ್ಧ ದಿನ ತಿನ್ನುತ್ತೆ."

ತಂತಿ, ಮೇಣದ ಕಥೆ ಕೇಳಿ ಅವನು, "ಮೇಣಾನಾ!" ಎಂದ. ಆಮೇಲೆ ಶೆಡ್ಡಿನ ಮೂಲೆಗೆ ಹೋಗಿ ಒಂದು ಟಾರ್ಪಾಲು ಸರಿಸಿದ. ಅಡಿಯಲ್ಲಿ ತೊಂಬತ್ತು ವರ್ಷದ ಹಿಂದಿನ ಒಂದು ಉದ್ದನೆಯ ಕಾರು. ಟಾಪಿನ ಮರದ ಕಮಾನುಗಳು ಮಾತ್ರ ಉಳಿದಿದ್ದವು. ಬಟ್ಟೆಯ ಒಂದು ಚೂರೂ ಇರಲಿಲ್ಲ.

"ಇದಕ್ಕೆ ಅಳತೆ ಇಲ್ಲ, ಫೋಟೋ ಇಲ್ಲ. ಹೆಂಗಿತ್ತೋ ಗೊತ್ತಿರೋ ಒಬ್ರೂ ಬದುಕಿಲ್ಲ," ಎಂದ ಹಾರ್ಮನ್.

ಗ್ಲೆನಿಸ್ ಒಂದು ಕಮಾನನ್ನು ಮುಟ್ಟಿದಳು. ಮರದಲ್ಲಿ ಸಣ್ಣ ಮೊಳೆಗಳ ತೂತುಗಳು, ಕೆಲವು ಹತ್ತಿರ ಹತ್ತಿರ, ಕೆಲವು ದೂರ.

"ಇಲ್ಲಿ ಮಾತ್ರ ಯಾಕೆ ಇಷ್ಟು ಒತ್ತೊತ್ತಾಗಿ ಹೊಡೆದಿದಾರೆ?"

"ನಂಗೂ ಗೊತ್ತಿಲ್ಲ. ಕೂತು ನೋಡೋಣ ಬಾ," ಎಂದು ಹಾರ್ಮನ್ ಅವಳತ್ತ ಒಂದು ಸ್ಟೂಲು ತಳ್ಳಿದ.